ಗಂಡಸರ ಯೀಸ್ಟ್ ಸೋಂಕು: ಕ್ರೀಮ್ ಸಾಕಾ, ಮಾತ್ರೆ ಬೇಕಾ?

ಶಿಶ್ನದ ತುದಿ ಕೆಂಪಾಗಿದೆ, ತುರಿಕೆ ಇದೆ, ಮುಂದೊಗಲಿನ ಒಳಗೆ ಬಿಳಿ ಪದರ ಕಟ್ಟಿದೆ. ಬಹಳ ಸಲ ಇದು ಕ್ಯಾಂಡಿಡಾ ಎಂಬ ಯೀಸ್ಟ್‌ನ ಕೆಲಸ. ನಾಚಿಕೊಂಡು ಸುಮ್ನೆ ಕೂರುವಂಥದ್ದೇನೂ ಅಲ್ಲ.

ಸೋಂಕು ಹೊಸದು, ಸೌಮ್ಯ ಎಂದಾದರೆ ನನ್ನ ಒಲವು ಕ್ಲೋಟ್ರಿಮಜೋಲ್ 1% ಕ್ರೀಮ್ ಕಡೆಗೆ. ಬರೀ ನೀರಲ್ಲಿ ತೊಳೆದು, ತೇವ ಉಳಿಯದಂತೆ ಒರೆಸಿ, ದಿನಕ್ಕೆ ಎರಡು ಸಲ ತೆಳ್ಳಗೆ ಹಚ್ಚಬೇಕು. ಸಾಮಾನ್ಯವಾಗಿ 7ರಿಂದ 14 ದಿನ. ಹಚ್ಚಿದ ಜಾಗದಲ್ಲಷ್ಟೇ ಕೆಲಸ ಮಾಡುವುದರಿಂದ ಅಡ್ಡಪರಿಣಾಮ ಕಡಿಮೆ. ತುರಿಕೆ ನಿಂತಿತು ಅಂತ ಮಧ್ಯದಲ್ಲೇ ಬಿಟ್ಟರೆ ಮತ್ತೆ ಬರಬಹುದು. ಕ್ರೀಮ್ ತಾಗಿದರೆ ಕಾಂಡೋಮ್ ಹರಿಯುವ ಸಾಧ್ಯತೆ ಇದೆ, ಇದನ್ನು ಮರೆಯಬೇಡಿ.

ಫ್ಲುಕೊನಜೋಲ್ 150 ಮಿ.ಗ್ರಾಂ ಮಾತ್ರೆ ಒಂದೇ ಡೋಸ್. ಉರಿ, ಊತ ಜಾಸ್ತಿ ಇದ್ದರೆ ವೈದ್ಯರು ಬರೆಯುತ್ತಾರೆ. ಆದರೆ ಇದು ಇಡೀ ದೇಹಕ್ಕೆ ಹೋಗುವ ಔಷಧಿ. ಲಿವರ್ ತೊಂದರೆ ಇದ್ದವರು, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ನುಂಗಲೇಬಾರದು.

ಮೆಡಿಕಲ್ ಶಾಪ್‌ನಲ್ಲಿ ಕೇಳಿದರೆ ಕೆಲವೊಮ್ಮೆ ಮೂರ್ನಾಲ್ಕು ಔಷಧಿ ಬೆರೆಸಿದ ಟ್ಯೂಬ್ ಕೈಗೆ ಬರುತ್ತದೆ. ಅದರ ಮೇಲೆ ಕ್ಲೋಬೆಟಾಸೋಲ್ ಅಥವಾ ಬೆಕ್ಲೋಮೆಥಾಸೋನ್ ಅಂತ ಇದೆಯಾ ನೋಡಿ. ಎರಡೂ ಸ್ಟೀರಾಯ್ಡ್. ತುರಿಕೆ ಬೇಗ ನಿಲ್ಲುತ್ತದೆ, ಸೋಂಕು ಒಳಗೇ ಬೆಳೆಯಬಹುದು, ಚರ್ಮ ತೆಳುವಾಗುತ್ತದೆ. ವೈದ್ಯರು ಹೇಳದೆ ದಯವಿಟ್ಟು ಹಚ್ಚಬೇಡಿ.

ಪದೇ ಪದೇ ಬರುತ್ತಿದ್ದರೆ ಕ್ರೀಮ್ ಬದಲಿಸುವ ಮೊದಲು ರಕ್ತದ ಸಕ್ಕರೆ ನೋಡಿಸಿ. ಡಪಾಗ್ಲಿಫ್ಲೋಜಿನ್‌ನಂಥ ಸಕ್ಕರೆ ಕಾಯಿಲೆಯ ಮಾತ್ರೆಯಿಂದಲೂ ಹೀಗಾಗುತ್ತದೆ. ಹುಣ್ಣು, ಕೀವು ಕಂಡರೆ, ಅಥವಾ ಮುಂದೊಗಲು ಹಿಂದೆ ಸರಿಯದಿದ್ದರೆ ನೇರ ಚರ್ಮರೋಗ ವೈದ್ಯರ ಹತ್ತಿರ ಹೋಗಿ.