ಸಬ್‌ಲೋಡ್, ಝೆಡ್, ಕನ್ಫರ್ಮ್ಡ್: ಸ್ಟಾಫ್ ಟಿಕೆಟ್‌ನಲ್ಲಿ ಯಾವುದನ್ನು ನಂಬಬಹುದು?

ವಿಮಾನ ಕಂಪನಿಯ ನೌಕರರಿಗೆ ಸಿಗುವ ಐಡಿ 90 ಸಬ್‌ಲೋಡ್ ಟಿಕೆಟ್, ಅಂದರೆ ಸೀಟು ಉಳಿದರೆ ಮಾತ್ರ ಹತ್ತಿಸುವ ಟಿಕೆಟ್, ಕೇಳುವುದಕ್ಕೆ ಚೆನ್ನಾಗಿದೆ. ಮೂಲ ದರದಲ್ಲಿ 90 ಪರ್ಸೆಂಟ್ ರಿಯಾಯಿತಿ. ಆದರೆ ತೆರಿಗೆ, ಏರ್‌ಪೋರ್ಟ್ ಶುಲ್ಕಗಳನ್ನು ನಾವೇ ಕಟ್ಟಬೇಕು. ಹಾಗಾಗಿ ಬೆಂಗಳೂರು-ಮಂಗಳೂರಿನಂಥ ಒಂದು ಗಂಟೆಯ ದಾರಿಯಲ್ಲಿ ಉಳಿಯುವುದು ಸ್ವಲ್ಪವೇ. ಸಿಂಗಾಪುರ, ಫ್ರಾಂಕ್‌ಫರ್ಟ್‌ನಂಥ ದೂರದ ಊರಿಗಾದರೆ ಉಳಿತಾಯ ನಿಜವಾಗಿಯೂ ದೊಡ್ಡದು.

ಕಷ್ಟ ಇರುವುದು ಸೀಟಿನಲ್ಲಿ. ನಮ್ಮ ದೇಶದೊಳಗಿನ ವಿಮಾನಗಳಿಗೆ ಸಾಮಾನ್ಯವಾಗಿ ಒಂದು ಗಂಟೆ ಮೊದಲು ಕೌಂಟರ್ ಮುಚ್ಚುತ್ತದೆ. ಆಮೇಲೆಯೇ ನಮ್ಮ ಲಿಸ್ಟ್ ಕೈಗೆತ್ತಿಕೊಳ್ಳುವುದು. ಡ್ಯೂಟಿ ಮೇಲೆ ಹೋಗುವವರು ಮೊದಲು, ನಂತರ ಸರ್ವಿಸ್ ಜಾಸ್ತಿ ಇರುವವರು. ಹಿಂದಿನ ರಾತ್ರಿ ಲೋಡ್ (ಎಷ್ಟು ಸೀಟು ತುಂಬಿದೆ ಎಂಬ ಲೆಕ್ಕ) ನೋಡಿದಾಗ ಸೀಟು ಖಾಲಿ ಇರುತ್ತದೆ. ಬೆಳಿಗ್ಗೆ ಬೇರೊಂದು ವಿಮಾನ ರದ್ದಾದರೆ ಅದರ ಪ್ರಯಾಣಿಕರೆಲ್ಲ ಇದಕ್ಕೇ ಬರುತ್ತಾರೆ. ಮಳೆಗಾಲದಲ್ಲಿ ಮಂಗಳೂರಿನ ಬಜ್ಪೆ ಏರ್‌ಪೋರ್ಟಿಗೆ ಹೋಗುವ ವಿಮಾನದ್ದು ಇನ್ನೊಂದು ಕಥೆ. ಹವಾಮಾನ ಕೆಟ್ಟರೆ, ಅಲ್ಲಿ ಇಳಿಯಲಾಗದೆ ವಾಪಸ್ ಬರಲು ಇಂಧನ ಹೆಚ್ಚು ಬೇಕು. ಆಗ ತೂಕದ ಲೆಕ್ಕಕ್ಕೆ ಸಿಕ್ಕಿ, ಸೀಟು ಖಾಲಿ ಇದ್ದರೂ ನಮ್ಮನ್ನು ಹತ್ತಿಸುವುದಿಲ್ಲ. ನಾನೊಬ್ಬನೇ ಆದರೆ ಸರಿ, ಮುಂದಿನದಕ್ಕೆ ಕಾಯುತ್ತೇನೆ. ಮಂಡಿ ನೋವಿರುವ ಅಮ್ಮನನ್ನು ಗಂಟೆಗಟ್ಟಲೆ ಕೂರಿಸಿ, ಕೊನೆಗೆ "ಇವತ್ತು ಆಗಲ್ಲಮ್ಮ" ಎನ್ನುವಾಗ ಹೊಟ್ಟೆ ಉರಿಯುತ್ತದೆ.

ಝೆಡ್ ಅಂದರೆ ವಿಮಾನ ಕಂಪನಿಗಳು ಒಬ್ಬರ ನೌಕರರಿಗೆ ಇನ್ನೊಬ್ಬರು ಕೊಡುವ ರಿಯಾಯಿತಿ ಟಿಕೆಟ್. ಇದರಲ್ಲಿ ಬೇರೆ ಕಂಪನಿಯ ವಿಮಾನ ಹತ್ತಬಹುದು. ದೂರದ ಲೆಕ್ಕದಲ್ಲಿ ದರ ನಿಗದಿಯಾಗಿರುತ್ತದೆ. ದೀಪಾವಳಿ ವಾರದಲ್ಲೂ ಏರುವುದಿಲ್ಲ. ಇದು ದೊಡ್ಡ ಅನುಕೂಲ. ಆದರೆ ಅಲ್ಲೂ ಸೀಟು ಉಳಿದರೆ ಮಾತ್ರ, ಅದೂ ಆ ಕಂಪನಿಯ ಸ್ವಂತ ನೌಕರರ ನಂತರವೇ ನಮ್ಮ ಸರದಿ. ದಿನಕ್ಕೆ ಹಲವು ವಿಮಾನಗಳಿರುವ ದೆಹಲಿ, ಮುಂಬೈಗೆ ನಮ್ಮ ಕಂಪನಿಯ ಸಬ್‌ಲೋಡ್‌ಗಿಂತ ಇದೇ ವಾಸಿ ಎನ್ನಿಸಿದೆ. ವಿದೇಶದಲ್ಲಿ ನಡುವೆ ವಿಮಾನ ಬದಲಿಸಬೇಕಿದ್ದರೆ ನಾನು ಬೇಡ ಎನ್ನುತ್ತೇನೆ. ಅಲ್ಲಿ ಸೀಟು ಸಿಗದೆ ಉಳಿದುಬಿಟ್ಟರೆ, ವೀಸಾ ಇಲ್ಲದೆ ಹೊರಗೆ ಹೋಗಿ ಮಲಗುವುದಕ್ಕೂ ಆಗುವುದಿಲ್ಲ.

50 ಪರ್ಸೆಂಟ್ ರಿಯಾಯಿತಿಯ ಐಡಿ 50 ಕನ್ಫರ್ಮ್ಡ್ ಟಿಕೆಟ್‌ನಲ್ಲಿ ಈ ತಾಪತ್ರಯವಿಲ್ಲ, ಸೀಟು ಖಚಿತ. ನಮ್ಮಲ್ಲಿ ವರ್ಷಕ್ಕೆ ಕೆಲವೇ ಕೊಡುತ್ತಾರೆ. ರಿಯಾಯಿತಿಯನ್ನು ದುಬಾರಿ ದರದ ಮೇಲೆ ಲೆಕ್ಕ ಹಾಕುವುದರಿಂದ, ಆಫರ್‌ನಲ್ಲಿ ಸಿಗುವ ಮಾಮೂಲಿ ಟಿಕೆಟ್ ಇದಕ್ಕಿಂತ ಅಗ್ಗವಾಗಿದ್ದದ್ದೂ ಇದೆ. ಬುಕ್ ಮಾಡುವ ಮುಂಚೆ ಎರಡನ್ನೂ ಹೋಲಿಸಿ ನೋಡಿ.

ಈಗ ಮದುವೆ, ಆಸ್ಪತ್ರೆ ಅಂದರೆ ಕನ್ಫರ್ಮ್ಡ್ ಅಥವಾ ಮಾಮೂಲಿ ಟಿಕೆಟ್ ಮಾತ್ರ. ಹಬ್ಬಕ್ಕೆ ಮಂಗಳೂರಿಗೆ ರಾತ್ರಿ ಬಸ್. ಸಬ್‌ಲೋಡ್ ಒಬ್ಬನೇ ತಿರುಗಾಡಲು ಹೊರಟಾಗ, ಅದೂ ವಾರದ ನಡುವೆ. ಕಂಪನಿಯಿಂದ ನಾನು ಹೆಚ್ಚು ರಿಯಾಯಿತಿ ಕೇಳುವುದಿಲ್ಲ. ಲಿಸ್ಟ್‌ನಲ್ಲಿ ನಾನು ಎಷ್ಟನೆಯವನು ಎಂದು ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ತೋರಿಸಲಿ. ಅಮ್ಮನನ್ನು ಮನೆಯಿಂದ ಹೊರಡಿಸಬೇಕೋ ಬೇಡವೋ ಎಂದಾದರೂ ಗೊತ್ತಾಗುತ್ತದೆ.