ಸ್ಕೋಪ್ ಚೆನ್ನಾಗಿದೆ, ಕಾಟ ಕೊಡುವುದು ಪ್ರೋಬ್: ವರ್ಷದ ಮೇಲಿನ ಬಳಕೆ

ಈ ಪುಟ್ಟ ಬ್ಯಾಟರಿ ಸ್ಕೋಪ್ (ವೋಲ್ಟೇಜ್ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್) ಬಗ್ಗೆ ಬರೆಯಲು ಕೂತಿದ್ದೇ ಅದರ ಪ್ರೋಬ್, ಅಂದರೆ ಸರ್ಕ್ಯೂಟ್‌ಗೆ ತಾಗಿಸುವ ಅಳತೆ ಕಡ್ಡಿಯ ಮೇಲಿನ ಸಿಟ್ಟಿಗೆ. ಜೊತೆಗೆ ಬರುವ ಪ್ರೋಬ್‌ನ 1ಎಕ್ಸ್-10ಎಕ್ಸ್ ಗುಂಡಿ ಕೆಲವೇ ತಿಂಗಳಲ್ಲಿ ಸಡಿಲವಾಯಿತು. 10ಎಕ್ಸ್‌ನಲ್ಲಿ ಸಿಗ್ನಲ್ ಹತ್ತನೇ ಒಂದು ಭಾಗವಾಗಿ ಸ್ಕೋಪ್‌ಗೆ ಹೋಗುತ್ತದೆ, 1ಎಕ್ಸ್‌ನಲ್ಲಿ ಇದ್ದ ಹಾಗೇ. ಬೆರಳು ತಾಗಿದರೆ ಸಾಕು, 1ಎಕ್ಸ್‌ಗೆ ಜಾರುತ್ತದೆ. ಆಡಿಯೋ ನೋಡುವವರು ಹೇಗೋ ಸಂಭಾಳಿಸಬಹುದು. ಟ್ರಾನ್ಸಿಸ್ಟರ್ ಎಷ್ಟು ಬೇಗ ಆನ್-ಆಫ್ ಆಗುತ್ತದೆ ಎಂದು ಅಳೆಯುವವರ ಲೆಕ್ಕವೇ ಕೆಡುತ್ತದೆ.

ನಾನು ಮಂಡ್ಯದಲ್ಲಿ ಮನೆಯಲ್ಲೇ ಎಲ್‌ಇಡಿ ಡ್ರೈವರ್, ಇನ್ವರ್ಟರ್ ಬೋರ್ಡ್ ರಿಪೇರಿ ಮಾಡುತ್ತೇನೆ. ಡ್ರೈವರ್ ಟ್ರಾನ್ಸಿಸ್ಟರ್ ನಿಧಾನವಾದರೆ ಅದು ನಡೆಸುವ ಮಾಸ್‌ಫೆಟ್ (ದೊಡ್ಡ ಕರೆಂಟ್ ಆನ್-ಆಫ್ ಮಾಡುವ ಸ್ವಿಚ್) ಬಿಸಿಯಾಗುತ್ತದೆ. ಅದಕ್ಕೇ ಹೊಸದಾಗಿ ತಂದ 2ಎನ್3904 ಟ್ರಾನ್ಸಿಸ್ಟರ್ ಯಾವುದನ್ನೂ ಅಳೆಯದೆ ಬೆಸುಗೆ ಹಾಕುವುದಿಲ್ಲ. ಅಳೆಯುವ ಸರ್ಕ್ಯೂಟ್ ಇಷ್ಟೇ: 10 ವೋಲ್ಟ್, ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಕಾಲಿಗೆ 1 ಕಿಲೋಓಮ್ ರೆಸಿಸ್ಟರ್. 10ಎಕ್ಸ್‌ನಲ್ಲಿ ಪ್ರೋಬ್ ಸರ್ಕ್ಯೂಟ್‌ಗೆ ಸೇರಿಸುವ ಕೆಪಾಸಿಟೆನ್ಸ್ ಸುಮಾರು 15 ಪಿಕೋಫ್ಯಾರಡ್. 1ಎಕ್ಸ್‌ನಲ್ಲಿ ಅದು 100ರ ಹತ್ತಿರ. ಇದರಿಂದ ಕಲೆಕ್ಟರ್ ವೋಲ್ಟೇಜ್ ಏರಲು ಹಿಡಿಯುವ ಸಮಯ 2.2 ಗುಣಿಸು 1 ಕಿಲೋಓಮ್ ಗುಣಿಸು 100 ಪಿಕೋಫ್ಯಾರಡ್, ಅಂದರೆ 220 ನ್ಯಾನೊಸೆಕೆಂಡ್! ಡೇಟಾಶೀಟ್‌ನಲ್ಲಿ ಈ ಟ್ರಾನ್ಸಿಸ್ಟರ್‌ನ ಫಾಲ್ ಟೈಮ್ (ಆಫ್ ಆಗುವಾಗ ಕರೆಂಟ್ ಇಳಿಯುವ ಸಮಯ) ಹೆಚ್ಚೆಂದರೆ 50 ನ್ಯಾನೊಸೆಕೆಂಡ್. ಒಳ್ಳೆಯ ಟ್ರಾನ್ಸಿಸ್ಟರ್ ಕೂಡ ಸೋಮಾರಿಯಂತೆ ಕಾಣುತ್ತದೆ. ಗುಂಡಿ ಜಾರಿದ್ದು ವೋಲ್ಟೇಜ್ ಹತ್ತು ಪಟ್ಟು ಏರಿದಾಗ ಗೊತ್ತಾಗುತ್ತದೆ ನಿಜ. ಆದರೆ ಪ್ರತಿ ಸಲ ಮೊದಲಿಂದ ಶುರು ಮಾಡಬೇಕು. ಮಾರಿದವರನ್ನು ಕೇಳಿದರೆ ಪ್ರೋಬ್‌ಗೆ ವಾರಂಟಿ ಇಲ್ಲ ಎಂದರು.

ಕೊನೆಗೆ ಗುಂಡಿಯೇ ಇಲ್ಲದ 10ಎಕ್ಸ್ ಪ್ರೋಬ್ ಬೇರೆ ಕೊಂಡೆ. ಸ್ಕೋಪ್ ಎಷ್ಟು ಒಳ್ಳೆಯದು ಅಂತ ತಿಳಿದದ್ದು ಆಮೇಲೆಯೇ.

ಬೆಳಗ್ಗೆ ಕಾಫಿ ಆದ ಮೇಲೆ ಮೊದಲ ಕೆಲಸ ಪ್ರೋಬ್ ಹೊಂದಿಸುವುದು. 1 ಕಿಲೋಹರ್ಟ್ಸ್ ಚೌಕ ಅಲೆಗೆ ಸಿಕ್ಕಿಸಿ, ಪ್ಲಾಸ್ಟಿಕ್ ಸ್ಕ್ರೂಡ್ರೈವರ್‌ನಿಂದ ಟ್ರಿಮ್ಮರ್ ಮೆಲ್ಲಗೆ ತಿರುಗಿಸುತ್ತೇನೆ. ಮೂಲೆ ಉಬ್ಬಲೂಬಾರದು, ಸವೆದಂತೆಯೂ ಕಾಣಬಾರದು. ಆಮೇಲೆ ಉದ್ದದ ಗ್ರೌಂಡ್ ವೈರ್ ತೆಗೆದು, ತುದಿಗೆ ತಾಮ್ರದ ತಂತಿ ಸುತ್ತಿ ಮಾಡಿಕೊಂಡ ಚಿಕ್ಕ ಸ್ಪ್ರಿಂಗ್ ಹಾಕುತ್ತೇನೆ. ಅಂಚಿನ ನಡುಕ ಎಷ್ಟೋ ಕಡಿಮೆಯಾಗುತ್ತದೆ.

ಪರದೆಯಲ್ಲಿ ಹಳದಿ ಗೆರೆ ಟ್ರಾನ್ಸಿಸ್ಟರ್ ಆನ್-ಆಫ್ ಮಾಡಲು ಅದರ ಬೇಸ್ ಕಾಲಿಗೆ ಕೊಡುವ ಸಿಗ್ನಲ್, ನೀಲಿ ಗೆರೆ ಕಲೆಕ್ಟರ್ ವೋಲ್ಟೇಜ್. ಹಳದಿ ಇಳಿದರೂ ನೀಲಿ ತಕ್ಷಣ ಏಳುವುದಿಲ್ಲ. ಪೂರ್ತಿ ಆನ್ ಆದಾಗ ಬೇಸ್‌ನಲ್ಲಿ ತುಂಬಿದ ಚಾರ್ಜ್ ಖಾಲಿಯಾಗಬೇಕಲ್ವಾ, ಅದೇ ಸ್ಟೋರೇಜ್ ಟೈಮ್. ಬೇಸ್‌ನಿಂದ ಕಲೆಕ್ಟರ್‌ಗೆ ಬಿಎಟಿ85 ಎಂಬ ಶಾಟ್ಕಿ ಡಯೋಡ್ (ಕಡಿಮೆ ವೋಲ್ಟೇಜಿಗೇ ಆನ್ ಆಗುವ ಡಯೋಡ್) ಒಂದನ್ನು ಇಟ್ಟರೆ ಆ ಅಂತರ ಕಣ್ಣೆದುರೇ ಕುಗ್ಗುತ್ತದೆ. ಪುಸ್ತಕದಲ್ಲಿ ಓದಿದ್ದನ್ನು ಹೀಗೆ ನೋಡುವ ಖುಷಿ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ. ಪಕ್ಕದ ಬೀದಿಯ ಡಿಪ್ಲೊಮಾ ಹುಡುಗರಿಗೂ ಇದನ್ನೇ ಮೊದಲು ತೋರಿಸುತ್ತೇನೆ.

ಈ ಸ್ಕೋಪ್‌ನ 50 ಮೆಗಾಹರ್ಟ್ಸ್ ಬ್ಯಾಂಡ್‌ವಿಡ್ತ್ ಸಾಕಾ ಎಂದು ಕೇಳುವವರಿಗೆ: ಸ್ಕೋಪ್ ತೋರಿಸಬಲ್ಲ ಅತಿ ವೇಗದ ಅಂಚು 0.35 ಭಾಗಿಸು 50 ಮೆಗಾಹರ್ಟ್ಸ್, ಅಂದರೆ 7 ನ್ಯಾನೊಸೆಕೆಂಡ್. 50 ನ್ಯಾನೊಸೆಕೆಂಡಿನ ಅಂಚಿಗೆ ಇದು ಸೇರಿಸುವ ತಪ್ಪು ಅರ್ಧ ನ್ಯಾನೊಸೆಕೆಂಡಿನಷ್ಟು. ನನ್ನ ಕೆಲಸಕ್ಕೆ ಬೇಕಾದಷ್ಟಾಯಿತು. ಕರೆಂಟ್ ಹೋದರೂ ಅಳತೆ ನಿಲ್ಲುವುದಿಲ್ಲ, ಅದೂ ಒಂದು ಅನುಕೂಲ.

ಹತ್ತು ಸಾವಿರ ದಾಟಬಾರದು ಅಂತ ಲೆಕ್ಕ ಹಾಕಿ ಕೊಂಡಿದ್ದೆ. ಹೊಸ ಪ್ರೋಬ್ ಸೇರಿಸಿ ಸ್ವಲ್ಪ ದಾಟಿತು. ಐದಕ್ಕೆ ನಾಲ್ಕು ಸ್ಟಾರ್. ಉಳಿದ ಒಂದು ಸ್ಟಾರ್ ಹೋದದ್ದು ಪ್ರೋಬ್‌ನಿಂದಾಗಿ. ಗ್ಯಾಲಿಯಂ ನೈಟ್ರೈಡ್ ಸ್ವಿಚ್‌ಗಳ ಕೆಲವೇ ನ್ಯಾನೊಸೆಕೆಂಡಿನ ಅಂಚು ನೋಡಬೇಕಾದವರು ಇದನ್ನು ತೆಗೆದುಕೊಳ್ಳಬೇಡಿ.