ಜಾರ್ಜ್ ಆಫ್ ದ ಜಂಗಲ್: ಮರಕ್ಕೆ ಡಿಕ್ಕಿ ಹೊಡೆಯುವುದಕ್ಕೂ ಹದ ಬೇಕು

ಬಳ್ಳಿ ಹಿಡಿದು ಜೀಕಿಕೊಂಡು ಬರುವ ಕಾಡಿನ ರಾಜ ನೇರವಾಗಿ ಹೋಗಿ ಮರಕ್ಕೆ ಅಪ್ಪಳಿಸುತ್ತಾನೆ. 1967ರಲ್ಲಿ ಅಮೆರಿಕದ ಟಿವಿಯಲ್ಲಿ ಬಂದ, ನಿರ್ಮಾಪಕ ಜೇ ವಾರ್ಡ್ ಅವರ ಕಾರ್ಟೂನಿನ ಮುಖ್ಯ ಬಂಡವಾಳವೇ ಇದು. 17 ಕಂತಿಗೆ ಮುಗಿದ ಆ ಸರಣಿಯನ್ನು ಡಿಸ್ನಿ 1997ರಲ್ಲಿ 92 ನಿಮಿಷದ ಸಿನಿಮಾ ಮಾಡಿತು. ನಿರ್ದೇಶನ ಸ್ಯಾಮ್ ವೈಸ್‌ಮನ್ ಅವರದು, ಜಾರ್ಜ್ ಆಗಿದ್ದವರು ಬ್ರೆಂಡನ್ ಫ್ರೇಸರ್. ಮೊದಲರ್ಧ ನಿಜಕ್ಕೂ ಸೊಗಸಾಗಿದೆ, ಎರಡನೆಯದು ಅಲ್ಲಲ್ಲಿ ಜಾಳು.

ಜೇ ವಾರ್ಡ್ ಕಾರ್ಟೂನುಗಳಲ್ಲಿ ಚಿತ್ರಗಳ ಚಲನೆ ಕಡಿಮೆ, ಮಾತು ಜಾಸ್ತಿ. ನಗುವಿನ ಭಾರವನ್ನೆಲ್ಲ ಹೊತ್ತಿದ್ದು ದನಿಗಳು. ಸಿನಿಮಾ ಮಾಡಿದವರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡು ನಿರೂಪಕನನ್ನು ಹಾಗೇ ಉಳಿಸಿಕೊಂಡಿದ್ದಾರೆ. ಕೀತ್ ಸ್ಕಾಟ್ ದನಿಯ ಈ ನಿರೂಪಕ ಕಥೆ ಹೇಳಿ ಸುಮ್ಮನಾಗುವವನಲ್ಲ, ಖಳರು ಅವನ ಜೊತೆ ಜಗಳಕ್ಕೇ ನಿಲ್ಲುತ್ತಾರೆ. ಯಕ್ಷಗಾನದಲ್ಲಿ ಭಾಗವತರೂ ಹಾಸ್ಯಗಾರನೂ ಮಾತಿಗೆ ಮಾತು ಬೆಳೆಸುವುದನ್ನು ನೋಡಿದವರಿಗೆ ಈ ಮಜಾ ಬೇಗ ಹಿಡಿಸುತ್ತದೆ.

ಬೀಳುವ ಹಾಸ್ಯ ಕೆಡುವುದು ಎರಡು ಕಡೆ. ಏಟು ಬೀಳುವ ಮೊದಲೇ ನಟನ ಮೈ ಬಿಗಿಯಾದರೆ ಒಂದು, ಬಿದ್ದ ಮೇಲೆ ನೋವು ನಿಜವೆನಿಸಿದರೆ ಇನ್ನೊಂದು. ಫ್ರೇಸರ್ ಗೆಲ್ಲುವುದು ಇಲ್ಲೇ. ಮರ ಎದುರಿಗೆ ಬಂದಾಗಲೂ ಆ ಮುಖದಲ್ಲಿ ಅನುಮಾನದ ಸುಳಿವಿಲ್ಲ, ಎದ್ದ ಮೇಲೆ ಅವಮಾನದ ನೆರಳೂ ಇಲ್ಲ. ಕಟ್ಟುಮಸ್ತಾದ ಮೈ, ಮಗುವಿನ ಕಣ್ಣು. ಎರಡೂ ಒಟ್ಟಿಗಿರುವುದರಿಂದ ಮೂರನೇ ಡಿಕ್ಕಿಗೂ ನಗು ಬರುತ್ತದೆ.

ಹತ್ತಿರದಿಂದ ನೋಡಬೇಕಾದ ದೃಶ್ಯ ಒಂದಿದೆ. ಥಾಮಸ್ ಹೇಡನ್ ಚರ್ಚ್ ಆಡಿದ ಲೈಲ್ ಎಂಬ ಜಂಬದ ಕೋಳಿ ಆನೆಯ ಲದ್ದಿಗೆ ಬೀಳುತ್ತಾನೆ. ಬಿದ್ದ ಕೂಡಲೇ ಯಾರೂ ನಗುವುದಿಲ್ಲ. ಆಫ್ರಿಕದ ಮಾರ್ಗದರ್ಶಿ ಕ್ವಾಮೆ ತನ್ನವರ ಕಡೆ ತಿರುಗಿ, ಇದು ಹಾಸ್ಯದ ಹಳೇ ಪಟ್ಟು, ಈಗ ನಾವೆಲ್ಲ ತಲೆ ಹಿಂದಕ್ಕೆ ಎಸೆದು ನಗಬೇಕು ಎಂದು ಗಂಭೀರವಾಗಿ ತಿಳಿಸುತ್ತಾನೆ. ಎಲ್ಲರೂ ಸಿದ್ಧರಾದ ಮೇಲೆ ನಗು ಸಿಡಿಯುತ್ತದೆ. ಬೀಳುವುದಕ್ಕೂ ನಗುವುದಕ್ಕೂ ನಡುವೆ ಇಟ್ಟ ಆ ಬಿಡುವೇ ಇಲ್ಲಿ ಕೆಲಸ ಮಾಡುವುದು. ಹಳೆಯ ಕಾಡಿನ ಸಿನಿಮಾಗಳಲ್ಲಿ ಮೂಟೆ ಹೊರುವುದಕ್ಕಷ್ಟೇ ಇರುತ್ತಿದ್ದ ಪಾತ್ರಗಳು ಇಲ್ಲಿ ಎಲ್ಲರಿಗಿಂತ ಬುದ್ಧಿವಂತರು.

ಏಪ್ ಎಂಬ ಹೆಸರಿನ, ಓದಿಕೊಂಡ ಗೊರಿಲ್ಲಾದ ವೇಷ ಸಿನಿಮಾಗಳಿಗೆ ಬೊಂಬೆ, ಪ್ರಾಣಿವೇಷ ಮಾಡಿಕೊಡುವ ಜಿಮ್ ಹೆನ್ಸನ್ಸ್ ಕ್ರೀಚರ್ ಶಾಪ್‌ನದು, ದನಿ ಜಾನ್ ಕ್ಲೀಸ್ ಅವರದು. ವೇಷದೊಳಗೆ ಮನುಷ್ಯನಿದ್ದಾನೆ, ಹಾಗಾಗಿ ಮುಟ್ಟಿದರೆ ತೂಕ ಗೊತ್ತಾಗುತ್ತದೆ. ತಾನು ನಾಯಿ ಎಂದೇ ನಂಬಿರುವ ಆನೆ ಶೆಪ್ ನಿಜವಾದ ಆನೆಯಾಗಿದ್ದಾಗ ಮುದ್ದು. ಕಂಪ್ಯೂಟರ್‌ನಲ್ಲಿ ಓಡಿಸಿದಾಗ ಮಾತ್ರ ಕಾಲು ನೆಲಕ್ಕೆ ತಾಗಿದಂತೆ ಕಾಣುವುದಿಲ್ಲ.

ಎಡವಿದ್ದೆಲ್ಲಿ? ಹಗ್ಗದ ಸೇತುವೆಯಿಂದ ಒಬ್ಬ ಉರುಳಿದಾಗ, ಈ ಕಥೆಯಲ್ಲಿ ಯಾರೂ ಸಾಯುವುದಿಲ್ಲ ಎಂದು ನಿರೂಪಕ ಮಾತು ಕೊಡುತ್ತಾನೆ. ಸ್ವಲ್ಪ ಹೊತ್ತಿಗೆ ಲೈಲ್ ಹಾರಿಸಿದ ಗುಂಡಿಗೆ ಜಾರ್ಜ್ ಗಾಯಗೊಂಡು, ಕಾಡಿಗೆ ಬಂದ ನಾಯಕಿ ಉರ್ಸುಲಾ (ಲೆಸ್ಲಿ ಮ್ಯಾನ್) ಅವನನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕರೆದೊಯ್ಯಬೇಕಾಗುತ್ತದೆ. ಅಷ್ಟೊಂದು ಮರಕ್ಕೆ ಜಗ್ಗದವನು ಒಂದು ಗುಂಡಿಗೆ ಮಲಗಿದ! ಕಾರ್ಟೂನಿನ ನಿಯಮ ಅಲ್ಲಿ ಮುರಿಯುತ್ತದೆ. ಆ ನಗರದ ಬೇ ಬ್ರಿಡ್ಜ್ ಸೇತುವೆಯ ಮೇಲಿನ ಸಾಹಸವೂ ಹಾಗೇ: ಎತ್ತರದ ಭಯ ಮುಂದೆ ಬಂದು ನಗು ಹಿಂದೆ ಸರಿಯುತ್ತದೆ. ಕಾಡಿಗೆ ಮರಳಿದ ಮೇಲೆ ಲಯ ಮತ್ತೆ ಸಿಗುತ್ತದೆ.

ಮಕ್ಕಳಿಗೆ ತೋರಿಸುವವರಿಗೆ ಒಂದು ಮಾತು. ಲದ್ದಿಯ ಜೋಕುಗಳೂ ಸೊಂಟದ ಕೆಳಗಿನ ಏಟುಗಳೂ ಇವೆ, ರಕ್ತಪಾತವಿಲ್ಲ. ಡಬ್ಬಿಂಗ್ ಬೇಡ, ಇಂಗ್ಲಿಷ್‌ನಲ್ಲೇ ನೋಡಿ. ಕ್ಲೀಸ್ ಅವರ ಶಿಷ್ಟ ಉಚ್ಚಾರಣೆ ಹೋದರೆ ಗೊರಿಲ್ಲಾದ ಅರ್ಧ ನಗು ಹೋದಂತೆ. 2003ರ ಎರಡನೇ ಭಾಗದಲ್ಲಿ ಫ್ರೇಸರ್ ಇಲ್ಲ, ಅದನ್ನು ಬಿಟ್ಟರೂ ನಷ್ಟವಿಲ್ಲ. ಜಾರ್ಜ್ ಮದುವೆ ಆಯಿತೆಂದು ಎದ್ದುಬಿಡಬೇಡಿ, ಏಪ್ ಲಾಸ್ ವೇಗಸ್‌ನ ವೇದಿಕೆ ಹತ್ತಿ ಹಾಡುವುದು ಆಮೇಲೆ.